ಯಾವ ತೋಳು ಕೊಡಲಿ

ನಮ್ಮ ಊರಿನಲ್ಲಿ ಸೂಜಿ ಹಾಕಿಸಿಕೊಳ್ಳಲು ಹೊರಟವರು ಹೊಸಿಲು ದಾಟುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿಕೊಂಡೇ ಬರುತ್ತಾರೆ: "ಯಾವ ತೋಳು ಕೊಡಲಿ?" ಮುದ್ದೆ ತಿರುವುವ ಹೆಂಡತಿ, "ಎಡದ್ದು ಕೊಡು, ನಾಳೆ ನೆಂಟರು ಬತ್ತಾರೆ" ಅನ್ನುತ್ತಾಳೆ. ಕಂಕುಳಲ್ಲಿ ಕೂಸಿರುವ ಮಗಳು, ಕೂಸನ್ನು ಯಾವ ಕಡೆ ಎತ್ತಿಕೊಳ್ಳುತ್ತಾಳೋ ಅದರ ಎದುರು ಕಡೆಯದನ್ನು ಹೇಳುತ್ತಾಳೆ. ಸೂಜಿ ಒಬ್ಬರಿಗೆ ಚುಚ್ಚಿದರೆ ನೋವು ಇನ್ನೊಬ್ಬರಿಗೆ ಬೀಳುವುದು, ಬಲಕ್ಕೆ ಚುಚ್ಚಿದರೆ ಬಲಕ್ಕೆ, ಎಡಕ್ಕೆ ಚುಚ್ಚಿದರೆ ಎಡಕ್ಕೆ ಬೀಳುವುದು ನಮ್ಮಲ್ಲಿ ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದದ್ದು. ಅದರಲ್ಲಿ ಯಾರೂ ಬೆರಗಾಗುವಂಥದ್ದಿಲ್ಲ. ಬೆರಗೆಂದರೆ ಅದಕ್ಕೆ ಬಿಲ್ಲು ಬರೆಯುವ ಕೆಲಸ. ಆ ಕೆಲಸ ನನ್ನದು.

ಊರ ಆಸ್ಪತ್ರೆಯಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಬರೆಯುತ್ತಿದ್ದೇನೆ. ಜನ ನನ್ನ ಹೆಸರು ಮರೆತು ಬುಕ್ಕಿನಕ್ಕ ಎಂದು ಕರೆಯುವುದೂ ಹಳತಾಯಿತು. ಹುಚ್ಚೆಳ್ಳು ಹೂ ಬಿಡುವ ಹೊತ್ತಿಗೆ ಬಡಗಣದಿಂದ ನೆಗಡಿಗಾಳಿ ಎದ್ದು ಬರುತ್ತದೆ. ಹೋದ ವರ್ಷ ಬಂದ ಗಾಳಿ ಈ ವರ್ಷ ಬಾರದು, ಅದು ವೇಷ ಬದಲಿಸಿಕೊಂಡು ಬರುತ್ತದೆ. ಹಾಗಾಗಿ ಮದ್ದೂ ಬದಲು, ಮದ್ದಿನ ನಂಬರೂ ಬದಲು. ಗಾಳಿ ಬರುವ ಮೂರು ವಾರ ಮುಂಚೆ ಊರಿಗೆಲ್ಲ ಸೂಜಿ ಹಾಕಿ ಮುಗಿಸಬೇಕು. ಒಬ್ಬೊಬ್ಬರಿಗೂ ಬುಕ್ಕಿನಲ್ಲಿ ಒಂದೊಂದು ಸಾಲು, ಸಾಲಿಗೆ ನಾಲ್ಕು ಕಾಲಂ. ಮೊದಲನೆಯದರಲ್ಲಿ ಮದ್ದಿನ ನಂಬರು. ಅರವತ್ತೈದು ದಾಟಿದವರಿಗೆ ದೊಡ್ಡ ಮದ್ದು, ಅದರ ನಂಬರು ಬೇರೆ. ಈ ಒಂದು ಕಾರಣಕ್ಕೆ ನಮ್ಮೂರ ಹೆಂಗಸರು ಅರವತ್ತನಾಲ್ಕರಲ್ಲೇ ಏಳೆಂಟು ವರ್ಷ ನಿಂತುಬಿಡುತ್ತಾರೆ. ಎರಡನೆಯದರಲ್ಲಿ ಚುಚ್ಚಿದ ಕೆಲಸದ ನಂಬರು, ಪಕ್ಕದಲ್ಲೇ ತೋಳು ಎಡವೋ ಬಲವೋ ಎಂದು ಒಂದು ಅಕ್ಷರ. ಮೂರನೆಯದರಲ್ಲಿ ಬಂದ ಕಾರಣ. ಅದು ಎಲ್ಲರಿಗೂ ಒಂದೇ: 'ಕಾಯಿಲೆ ಇಲ್ಲ, ಬಾರದಿರಲಿ ಎಂದು ಬಂದವರು'. ಇದನ್ನು ಓದಿ ಹೇಳಿದರೆ ಮುದುಕರಿಗೆ ಸಿಟ್ಟು. "ಕಾಯ್ಲೆ ಇಲ್ಲ ಅಂತ ಬರ್ಕೊಂಬುಟ್ಯಲ್ಲ ಬುಕ್ಕಿನಕ್ಕ, ನನ್ನ ಮಂಡಿ ನೋವು ನಿಮ್ಮಪ್ಪನ ಮನೇಗೆ ಹೋಯ್ತಾ?" ಎಂದು ಕೇಳುತ್ತಾರೆ.

ನಾಲ್ಕನೇ ಕಾಲಂ ನೋವಿನದು. ನೋವು ಯಾರಿಗೆ ಬಿತ್ತೋ ಅವರು ಬಂದು ಹೆಬ್ಬೆಟ್ಟು ಒತ್ತಬೇಕು, ನಾನು ಸಂಬಂಧದ ನಂಬರು ಹಾಕಬೇಕು. ಗಂಡನೋ ಹೆಂಡತಿಯೋ ಆದರೆ ನಲವತ್ತೊಂದು. ಹೆತ್ತವರು ನಲವತ್ತೆರಡು, ಮಕ್ಕಳು ನಲವತ್ತಮೂರು, ಒಡಹುಟ್ಟಿದವರು ನಲವತ್ತನಾಲ್ಕು. ಗೋಡೆಗೆ ಗೋಡೆ ಕೂಡಿದ ಪಕ್ಕದ ಮನೆಯವರು ನಲವತ್ತೈದು. ದನಕರು ನಲವತ್ತಾರು, ಅವುಗಳ ಪರವಾಗಿ ಸಾಕಿದವರ ಹೆಬ್ಬೆಟ್ಟು. ಯಾವುದಕ್ಕೂ ಸೇರದವರು ನಲವತ್ತೊಂಬತ್ತು. ಸೂಜಿ ಹಾಕಿಸಿಕೊಂಡವರಿಗೇ ನೋವಾದರೆ ನಲವತ್ತು, ಆದರೆ ಅದು ಊರಲ್ಲಿ ತೀರ ಅಪರೂಪ. ಈ ನಂಬರುಗಳು ಬುಕ್ಕಿನಿಂದ ಇಳಿದು ಊರ ಬಾಯಿಗೆ ಸೇರಿ ಎಷ್ಟೋ ಕಾಲವಾಯಿತು. ಗಂಡು ನೋಡಲು ಹೋದವರು ಹಿಂದಿರುಗಿ ಬಂದು, "ಹುಡುಗ ಬಂಗಾರ, ಆದ್ರೆ ನಲವತ್ತೆರಡು ಕಣವ್ವ" ಅಂದರೆ ಮಾತು ಅಲ್ಲಿಗೆ ಮುಗಿಯಿತು. ನನ್ನ ಸೂಜಿಯ ನೋವು ಬೀಳುವುದು ಚುಚ್ಚುವ ಮಹಬೂಬಿ ಸಿಸ್ಟರ್‌ಗೇ. ಪ್ರತಿ ವರ್ಷ ನನಗೆ ಚುಚ್ಚುವಾಗ ಅವಳೇ ಹಲ್ಲು ಕಚ್ಚಿಕೊಂಡು, "ನಿಂಗೆ ಬೇರೆ ಯಾರೂ ಸಿಗ್ಲಿಲ್ವೇನಕ್ಕ" ಎಂದು ಗೊಣಗುತ್ತಾಳೆ. ನಾನು ನಲವತ್ತೊಂಬತ್ತು ಎಂದು ಬರೆಯುತ್ತೇನೆ.

ಹೆಬ್ಬೆಟ್ಟು ಒತ್ತುವುದು ಆಸ್ಪತ್ರೆಯ ಹಿಂಬದಿಯ ಕಿಟಕಿಯಲ್ಲಿ. ಅದಕ್ಕೆ ಮಹಬೂಬಿಯ ಹಳೆಯ ಸೀರೆಯಿಂದ ಮಾಡಿದ ಪರದೆ. ಅದರಡಿಯಿಂದ ತೋಳು ಒಂದೇ ಒಳಗೆ ಬರುತ್ತದೆ, ಮುಖ ಕಾಣುವುದಿಲ್ಲ. ಒಬ್ಬರ ನೋವು ಯಾರಿಗೆ ಬಿತ್ತು ಎನ್ನುವುದು ಎಲ್ಲ ಸಲವೂ ಬೀದಿಯಲ್ಲಿ ಹೇಳುವಂಥದ್ದಾಗಿರುವುದಿಲ್ಲ. ತೋಳು ಬಂದಮೇಲೆ ನಾನು ಎರಡು ಪ್ರಶ್ನೆ ಕೇಳಬೇಕು: ಯಾರ ನೋವು, ಏನು ಸಂಬಂಧ. ಆಮೇಲೆ ಒಂದು ಅಚ್ಚು ಬೆಲ್ಲ, ಅರ್ಧ ದಿನದ ವಿರಾಮದ ಚೀಟಿ ಕೊಟ್ಟು ಕಳಿಸಬೇಕು. ಪರದೆಯೊಳಗೆ ಬಂದದ್ದನ್ನು ಪರದೆಯಾಚೆ ಆಡಬಾರದು. ಇಪ್ಪತ್ತಾರು ವರ್ಷ ಇದನ್ನು ಮಾಡಿದ ಮೇಲೆ ನನಗೆ ಊರವರ ಮುಖಕ್ಕಿಂತ ತೋಳುಗಳೇ ಹೆಚ್ಚು ಪರಿಚಯ. ಸಂತೆಯಲ್ಲಿ ಯಾರಾದರೂ ಮಾತಾಡಿಸಿದರೆ ಒಂದು ಸಲ ಮೊಣಕೈ ನೋಡಿಕೊಂಡೇ ಉತ್ತರ ಕೊಡುತ್ತೇನೆ.

ಮೂರು ವರ್ಷ ಒಂದೇ ಸಮನೆ ಯಾರದಾದರೂ ನಾಲ್ಕನೇ ಕಾಲಂ ಖಾಲಿ ಹೋದರೆ ಮೇಲಿನ ಕಚೇರಿಯವರು ಅದನ್ನು 'ವಾರಸಿಲ್ಲದ ತೋಳು' ಎಂದು ಗುರುತು ಮಾಡಿ ಹೆಸರು ತೆಗೆದುಹಾಕುತ್ತಾರೆ. ಮುಂದಿನ ವರ್ಷದಿಂದ ಆ ಹೆಸರಿಗೆ ಮದ್ದು ಬರುವುದಿಲ್ಲ. ಹೀಗೆ ಹೆಸರು ಹೋದದ್ದು ನನ್ನ ಕಾಲದಲ್ಲಿ ಒಂದೂ ಇರಲಿಲ್ಲ. ಮೊನ್ನೆಯ ಸುಗ್ಗಿಯ ಹಿಂದಿನ ಸುಗ್ಗಿಯಲ್ಲಿ ಮಾತ್ರ ಹಗ್ಗದ ಮೂಡ್ಲಗಿರಿಯಪ್ಪನದು ಆ ಅಂಚಿಗೆ ಬಂದು ನಿಂತಿತು.

ಮೂಡ್ಲಗಿರಿಯಪ್ಪ, ಅವನ ತಮ್ಮ ತಿಮ್ಮರಾಯಪ್ಪ, ಇಬ್ಬರೂ ಹಗ್ಗ ಹೊಸೆಯುವವರು. ಅಣ್ಣ ಎಡಚ, ತಮ್ಮ ಬಲಗೈಯವನು. ಹಗ್ಗ ಹೊಸೆಯಲು ಎರಡು ತುದಿಗೆ ಇಬ್ಬರು ಬೇಕು. ರಾಟೆಯ ಹತ್ತಿರ ಅಣ್ಣ ಎಡಗೈಯಲ್ಲಿ ತಿರುವಿದರೆ ಆ ತುದಿಯಲ್ಲಿ ತಮ್ಮ ಬಲಗೈಯಲ್ಲಿ ಎಳೆ ಬಿಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದ. ಅವರು ಹೊಸೆದ ಹಗ್ಗ ಎತ್ತು ಸತ್ತರೂ ಸವೆಯುವುದಿಲ್ಲ ಎಂದು ಸುತ್ತಲ ಹಳ್ಳಿಯವರ ಮಾತು. ಸೂಜಿಯ ನೋವೂ ಅಷ್ಟೇ, ಅಣ್ಣನದು ತಮ್ಮನಿಗೆ, ತಮ್ಮನದು ಅಣ್ಣನಿಗೆ. ಅಣ್ಣನ ಹೆಂಡತಿ ಬದುಕಿದ್ದಾಗಲೂ ಹಾಗೇ ಇತ್ತು. ಆ ಹೆಣ್ಣುಮಗಳು, "ನಂಗೊಂದು ಕೆಲ್ಸ ಕಮ್ಮಿ ಆಯ್ತು ಬಿಡು" ಎಂದು ನಗುತ್ತಿದ್ದಳು. ಇಬ್ಬರೂ ಹಗಲು ಹೊತ್ತಿನಲ್ಲೇ ಪರದೆ ಸರಿಸಿ ಮುಖ ತೋರಿಸಿ ನಲವತ್ತನಾಲ್ಕು ಬರೆಸಿ ಹೋಗುತ್ತಿದ್ದರು.

ಜಗಳ ಬಂದದ್ದು ಅವರಪ್ಪ ಕದುರಪ್ಪನ ರಾಟೆಗೆ. ರಾಟೆಯ ಹಲ್ಲು ಸವೆದಿತ್ತು. ಹೊಸದು ಮಾಡಿಸೋಣ ಎಂದು ತಮ್ಮ, ಅಪ್ಪನ ಕೈ ಮುಟ್ಟಿದ್ದನ್ನು ಒಲೆಗೆ ಹಾಕುತ್ತೀಯಾ ಎಂದು ಅಣ್ಣ. ಒಂದು ಮಾತಿಗೆ ಒಂಬತ್ತು ಸೇರಿ, ಪಂಚಾಯಿತಿಯವರು ಬಂದು ರಾಟೆಯ ಗಾಲಿ ಅಣ್ಣನಿಗೆ, ಅದನ್ನು ತಿರುಗಿಸುವ ಹಿಡಿ ತಮ್ಮನಿಗೆ ಎಂದು ಪಾಲು ಮಾಡಿ ಎದ್ದು ಹೋದರು. ಗಾಲಿ ಅಣ್ಣನ ಗೋಡೆಗೆ ಒರಗಿತು, ಹಿಡಿ ತಮ್ಮನ ಸೂರಿಗೆ ಸಿಕ್ಕಿಕೊಂಡಿತು. ನಡುವೆ ಮಣ್ಣಿನ ಗೋಡೆ ಒಂದೇ. ಅಲ್ಲಿಂದ ಮುಂದೆ ಇಬ್ಬರೂ ತಮ್ಮ ತಮ್ಮ ಮನೆ ಮುಂದಿನ ಹುಣಸೆ ಮರದ ಮೋಟಿಗೆ ಒಂದು ತುದಿ ಕಟ್ಟಿ ಒಬ್ಬೊಬ್ಬರೇ ಹೊಸೆಯತೊಡಗಿದರು. ಆ ಹಗ್ಗ ಕೊಂಡವರ ಎತ್ತುಗಳೆಲ್ಲ ಊರು ತಿರುಗಲು ಶುರುಮಾಡಿದವು.

ಜಗಳವಾದ ವರ್ಷ ಮೂಡ್ಲಗಿರಿಯಪ್ಪನ ಕಾಲಂ ಖಾಲಿ ಹೋಯಿತು. ಮುಂದಿನ ವರ್ಷವೂ ಖಾಲಿ. ತಿಮ್ಮರಾಯಪ್ಪನದಕ್ಕೆ ಮಾತ್ರ ಅವನ ಹೆಂಡತಿ ಕೆಂಚಮ್ಮ ಬಂದು ನಲವತ್ತೊಂದು ಬರೆಸಿದಳು. ಊರವರಿಗೆ ಇದರಲ್ಲಿ ಸೋಜಿಗ ಕಾಣಲಿಲ್ಲ. ಮನಸ್ಸು ಮುರಿದರೆ ನೋವೂ ಮನೆ ಬದಲಾಯಿಸುತ್ತದೆ, ಅದು ಎಲ್ಲರೂ ಕಂಡದ್ದೇ. ತಮ್ಮನಿಗೆ ಹೆಂಡತಿ ಇದ್ದಳು, ಅವಳ ಕಡೆಗೆ ಹೋಯಿತು. ಅಣ್ಣ ಒಂಟಿ, ಅವನದು ಎಲ್ಲಿಗೆ ಹೋಗಬೇಕು? ಯಾವುದೋ ಮರಕ್ಕೋ ಕಲ್ಲಿಗೋ ಬಿದ್ದಿರಬೇಕು ಎಂದುಕೊಂಡರು.

ನನಗೆ ಹೆದರಿಕೆ ಇದ್ದದ್ದು ಅವನ ಎದೆಯದು. ಆರು ವರ್ಷದ ಹಿಂದೆ ಕತ್ತಾಳೆ ತರಲು ಹೋದವನು ಸೂಜಿಯ ದಿನ ತಪ್ಪಿಸಿಕೊಂಡಿದ್ದ. ಆ ಸಲದ ಗಾಳಿ ಅವನನ್ನು ಹಿಡಿದು ಒಂಬತ್ತು ದಿನ ಅಲುಗಾಡಿಸಿತು. ಆಗ ತಿಮ್ಮರಾಯಪ್ಪನೇ ಬೆನ್ನ ಮೇಲೆ ಹೊತ್ತು ತಂದು, ಒಂಬತ್ತು ದಿನವೂ ಮಂಚದ ಕಾಲು ಹಿಡಿದುಕೊಂಡು ಕೂತಿದ್ದ. ಆ ಎದೆಗೆ ಮದ್ದಿಲ್ಲದ ಇನ್ನೊಂದು ಗಾಳಿ ತಡೆಯುವುದಿಲ್ಲ ಎಂದು ಡಾಕ್ಟರು ಅವತ್ತೇ ಹೇಳಿದ್ದರು. ಈಗ ಮೂರನೇ ವರ್ಷ. ಮೇಲಿನ ಕಚೇರಿಯಿಂದ ಕಾಗದ ಬಂದಿತ್ತು. ಸೂಜಿಯ ಕೊನೆಯ ದಿನ ಸಂಜೆ ಐದಕ್ಕೆ ಬಿಲ್ಲಿನ ಗಾಡಿ ಬಂದು ಬುಕ್ಕು ಎತ್ತಿಕೊಂಡು ಹೋಗುತ್ತದೆ, ಅಷ್ಟರೊಳಗೆ ಹೆಬ್ಬೆಟ್ಟು ಬೀಳದಿದ್ದರೆ ಹೆಸರು ಹೋದಂತೆಯೇ.

ಮೂಡ್ಲಗಿರಿಯಪ್ಪ ಬಂದದ್ದೂ ಆ ಕೊನೆಯ ದಿನವೇ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಸಾಲಿನಲ್ಲಿ ಇನ್ನೂ ಹತ್ತು ಹನ್ನೊಂದು ಮಂದಿ ಇದ್ದರು. ಅವನು ನೇರವಾಗಿ ನನ್ನ ಮೇಜಿನ ಮುಂದೆ ನಿಂತು, "ಕಾಗ್ದ ಬಂದೈತೆ ಅಂತಲ್ಲ. ಈ ಸಲ ನಂದು ನಲವತ್ತು ಅಂತ ಬರ್ಕೋ" ಅಂದ.

"ನಲವತ್ತು ಅಂದ್ರೆ ನಿಂಗೇ ನೋವಾಗ್ಬೇಕು ಗಿರಿಯಪ್ಪ. ಚುಚ್ಚಿದ ತೋಳಲ್ಲಿ ನೋವು ಕಂಡಿದ್ದಕ್ಕೆ ಸಿಸ್ಟರ್ ಸಾಕ್ಷಿ ಹಾಕ್ಬೇಕು."

"ಆಗ್ತದೆ. ನನ್ನ ನೋವು ನಂಗೆ ಆಗ್ದೆ ಇನ್ಯಾರಿಗೆ ಆಗ್ಬೇಕು? ಅವತ್ತಿಂದ ನಂಗೇ ಆಗ್ತೈತೆ. ನಾನು ಗಂಡಸು ಅಂತ ಬಾಯಿ ಬಿಡ್ದೆ ಕುಂತಿದ್ದೆ. ಈ ಸಲ ಬಿಡ್ತೀನಿ, ಕೇಳಿಸ್ಕೊಳ್ಳಿ."

ಮಹಬೂಬಿ ನನ್ನ ಮುಖ ನೋಡಿದಳು. ನಾನು ಬುಕ್ಕು ನೋಡಿದೆ. ಅವನು ಸ್ಟೂಲಿನ ಮೇಲೆ ಕೂತು ಬಲತೋಳಿನ ಅಂಗಿ ಮೇಲೆತ್ತಿದ. ಅವಳು ಹತ್ತಿಯಿಂದ ಒರೆಸಿದಳಷ್ಟೇ, ಅವನು "ಅಯ್ಯಪ್ಪಾ" ಎಂದ.

"ಇನ್ನೂ ಚುಚ್ಚಿಲ್ಲ ಕಣಜ್ಜ," ಅಂದಳು ಮಹಬೂಬಿ.

"ಗೊತ್ತು. ಗಂಟ್ಲು ಸರಿ ಮಾಡ್ಕೊಂಡೆ."

ಅವಳು ತುಟಿ ಬಿಗಿಹಿಡಿದು ಸೂಜಿ ಇಳಿಸಿದಳು. ಮೂಡ್ಲಗಿರಿಯಪ್ಪ ಕಣ್ಣು ಮುಚ್ಚಿ, ಮೊದಲು ಉಸಿರನ್ನು ಒಳಗೆ ಎಳೆದು, ಹೆಗಲು ಒಂದಿಷ್ಟು ಮೇಲೆತ್ತಿ, ಆಮೇಲೆ ಹಲ್ಲಿನ ಸಂದಿಯಿಂದ "ಸ್ಸ್" ಎಂದು ಬಿಟ್ಟ. ಅಭಿನಯ ಎಷ್ಟು ಚೆನ್ನಾಗಿತ್ತೆಂದರೆ ಸಾಲಿನಲ್ಲಿದ್ದವರು ತಮ್ಮ ತಮ್ಮ ತೋಳು ಮುಟ್ಟಿಕೊಂಡರು. ನಿಜವಾದ ಸೂಜಿ ನೋವು ಬಿದ್ದವರು ಮಾಡುವುದೇ ಹಾಗೆ. ಒಂದೇ ತಪ್ಪಾಗಿತ್ತು. ಸೂಜಿ ಇದ್ದದ್ದು ಬಲತೋಳಿನಲ್ಲಿ, ಅವನು ಒತ್ತಿ ಹಿಡಿದುಕೊಂಡಿದ್ದು ಎಡತೋಳನ್ನು.

ಸಾಲಿನಲ್ಲಿದ್ದವರು ನಕ್ಕರು. "ಅಜ್ಜ, ಸೂಜಿ ಈ ಕಡೆ ಐತೆ," ಎಂದು ಯಾರೋ ಅಂದರು. ಅವನು ಕಣ್ಣು ಬಿಟ್ಟು, ತನ್ನ ಕೈ ತಾನೇ ನೋಡಿಕೊಂಡು, ಬಿಸಿ ಪಾತ್ರೆ ಬಿಟ್ಟಂತೆ ಎಡತೋಳನ್ನು ಬಿಟ್ಟ. ಮಹಬೂಬಿ ಸಾಕ್ಷಿ ಹಾಕುವಂತಿರಲಿಲ್ಲ. ಇಷ್ಟು ಜನ ನೋಡಿದ ಮೇಲೆ ಹಾಕೆಂದು ನಾನೂ ಹೇಳುವಂತಿರಲಿಲ್ಲ.

ಸೂಜಿಯಾದವರು ಅರ್ಧ ಗಂಟೆ ಜಗಲಿಯ ಬೆಂಚಿನ ಮೇಲೆ ಕೂತಿರಬೇಕು. ನಾನು ನೀರಿನ ಲೋಟ ಹಿಡಿದು ಅಲ್ಲಿಗೆ ಹೋದೆ. "ಎಡಗೈ ಯಾಕೆ ಹಿಡ್ಕೊಂಡೆ ಗಿರಿಯಪ್ಪ?"

"ಮರೆತೆ. ನೋವು ಬರೋದು ಅಲ್ಲೇ ಅಲ್ವಾ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿ ನೀರು ಕುಡಿದ.

"ಬರೋದು ಅಂದ್ರೆ? ಈ ವರ್ಷ ಬಂತಾ?"

ಅವನು ಲೋಟದ ತಳದ ನೀರನ್ನು ಅಂಗಳಕ್ಕೆ ಚೆಲ್ಲಿದ. "ಸೋಮವಾರ. ಉಣ್ಣೋ ಹೊತ್ತಲ್ಲಿ. ತುತ್ತು ಕೆಳಗೆ ಬಿತ್ತು. ಎರಡು ದಿನ ಹಗ್ಗ ಮುಟ್ಟೋಕಾಗ್ಲಿಲ್ಲ. ಯಾರ್ದೋ ಏನೋ, ನಂಗೇನು ಗೊತ್ತು?"

ಯಾರದೆಂದು ಅವನಿಗೆ ಗೊತ್ತಿತ್ತು. ನಾನು ಒಳಗೆ ಬಂದು ಬುಕ್ಕು ತಿರುವಿದಾಗ ನನಗೂ ಗೊತ್ತಾಯಿತು. ಸೋಮವಾರ ಊಟದ ಹೊತ್ತಿನಲ್ಲಿ ಬರೆದದ್ದು ಒಂದೇ ಸಾಲು: ತಿಮ್ಮರಾಯಪ್ಪ, ಎಡತೋಳು, ನಲವತ್ತೊಂದು. ಪಕ್ಕದಲ್ಲಿ ಕೆಂಚಮ್ಮನ ಹೆಬ್ಬೆಟ್ಟು. ಅವಳು ಅವತ್ತು ಕಿಟಕಿಯಲ್ಲಿ ನೋವೆಂದು ಒಳಗೆ ಚಾಚಿದ್ದು ಯಾವ ತೋಳು ಎಂದು ನೆನಪಿಸಿಕೊಂಡೆ. ಬಲದ್ದು. ಪರದೆಯ ಮರ್ಯಾದೆಗೆ ನಾನು ಅದನ್ನು ಕಂಡೂ ಕಾಣದಂತೆ ಬಿಟ್ಟಿದ್ದೆ.

ಬೀರುವಿನಿಂದ ಹಳೆಯ ಬುಕ್ಕುಗಳನ್ನೂ ತೆಗೆದೆ. ಜಗಳಕ್ಕೆ ಮುಂಚಿನ ಅಷ್ಟೂ ವರ್ಷ ಅಣ್ಣ ಎಡತೋಳು ಕೊಟ್ಟಿದ್ದ, ತಮ್ಮನ ದುಡಿಯುವ ಬಲಗೈ ಉಳಿಯಲಿ ಎಂದು. ತಮ್ಮ ಬಲತೋಳು ಕೊಟ್ಟಿದ್ದ, ಅಣ್ಣನ ಎಡಗೈ ಉಳಿಯಲಿ ಎಂದು. ಜಗಳವಾದ ಮೇಲೆ ಇಬ್ಬರೂ ತೋಳು ಬದಲಾಯಿಸಿಬಿಟ್ಟಿದ್ದರು. ಕೇಳಲು ಯಾರೂ ಇಲ್ಲವೆಂದು ತಮ್ಮ ತಮ್ಮ ಬಿಡುವಿನ ಕೈ ಕೊಟ್ಟರೋ, ಬೇಕೆಂದೇ ಕೊಟ್ಟರೋ, ಬುಕ್ಕಿನಲ್ಲಿ ಅದಕ್ಕೆ ಕಾಲಂ ಇಲ್ಲ. ಒಬ್ಬನ ಸೂಜಿ ಇನ್ನೊಬ್ಬನ ದುಡಿಯುವ ಕೈಗೇ ಬೀಳುತ್ತಿತ್ತು. ಅದನ್ನು ಯಾರಿಗೂ ಹೇಳದೆ ಇಬ್ಬರೂ ಮೂರು ವರ್ಷದಿಂದ ನುಂಗಿಕೊಂಡಿದ್ದರು.

ಪರದೆಯ ಮಾತು ಹೊರಗೆ ಆಡಬಾರದು. ಆದರೆ ಹೆಬ್ಬೆಟ್ಟು ಮಸುಕಾಗಿದ್ದರೆ ಮತ್ತೆ ಒತ್ತಿಸಿಕೊಳ್ಳಲು ಮನೆಗೆ ಹೋಗಬಹುದು, ಅದಕ್ಕೆ ಅಡ್ಡಿಯಿಲ್ಲ. ಕೆಂಚಮ್ಮನ ಹೆಬ್ಬೆಟ್ಟು ಅಚ್ಚುಕಟ್ಟಾಗಿ ಬಿದ್ದಿತ್ತು. ನಾನು ಅದರ ಮೇಲೆ ಒಂದು ಹನಿ ನೀರು ಹಾಕಿ, ಬುಕ್ಕು ಕಂಕುಳಲ್ಲಿಟ್ಟುಕೊಂಡು ಎರಡೂವರೆ ಹೊತ್ತಿಗೆ ಹೊರಟೆ.

ತಿಮ್ಮರಾಯಪ್ಪ ಮನೆಯ ಮುಂದೆ ಹುಣಸೆ ಮೋಟಿಗೆ ಕಟ್ಟಿದ ಎಳೆಯನ್ನು ಎಡಗೈಯಲ್ಲಿ ಹೊಸೆಯಲು ಹೆಣಗುತ್ತಿದ್ದ. ಬಲಗೈ ಪಕ್ಕದಲ್ಲಿ ಜೋತುಬಿದ್ದಿತ್ತು.

"ಕೈಗೇನಾಯ್ತು ತಿಮ್ಮರಾಯಪ್ಪ?"

"ಮೋಟು ತಗುಲ್ತು."

"ಮೋಟು ಕುಂತಲ್ಲೇ ಕುಂತೈತೆ," ಅಂದಳು ಕೆಂಚಮ್ಮ ಒಳಗಿನಿಂದ ಬರುತ್ತ. "ಪ್ರತಿ ವರ್ಷ ಎದ್ದು ಬಂದು ಇವ್ರಿಗೇ ತಗುಲ್ತದೆ. ಹನ್ನೆರಡು ಗಂಟೆಗೆ 'ಸ್ಸ್' ಅಂದ್ರು, ಕೈಯಲ್ಲಿದ್ದ ಕತ್ತಾಳೆ ಎಲ್ಲಾ ಚರಂಡಿಗೆ. ಏನಕ್ಕ ಬಂದಿದ್ದು?"

"ನಿನ್ನ ಹೆಬ್ಬೆಟ್ಟು ಅಳಿಸೋಯ್ತು. ಇನ್ನೊಂದು ಸಲ ಒತ್ತು." ನಾನು ಕಟ್ಟೆಯ ಮೇಲೆ ಬುಕ್ಕು ಬಿಚ್ಚಿದೆ. "ಐದು ಗಂಟೆಗೆ ಗಾಡಿ ಬತ್ತದೆ. ಈ ಸಲ ಕಚೇರಿಯೋರು ಬಿಗಿ. ಮೂರನೇ ಸಲ ಖಾಲಿ ಇದ್ದೋರ ಹೆಸರು ತೆಗೀತಾರಂತೆ."

"ತೆಗೀಲಿ," ಅಂದ ತಿಮ್ಮರಾಯಪ್ಪ.

"ಯಾರ ಹೆಸರು ಅಂತ ನಾನು ಹೇಳ್ಲೇ ಇಲ್ವಲ್ಲ."

ಅವನು ಎಳೆಯ ಕಡೆ ತಿರುಗಿದ. ಎಡಗೈಯಲ್ಲಿ ಎರಡು ಸುತ್ತು ಹೊಸೆದ, ಅದು ಬಿಚ್ಚಿಕೊಂಡಿತು. "ತೆಗೆದ್ರೆ ಏನಾಗ್ತದಂತೆ?"

"ಮುಂದಿನ ವರ್ಷದಿಂದ ಮದ್ದು ಬರಲ್ಲ."

"ಗಾಳಿ ಬತ್ತದಾ?"

"ಗಾಳಿಗೆ ಬುಕ್ಕು ಓದೋಕೆ ಬರಲ್ಲ ಕಣಪ್ಪ. ಅದು ಎಲ್ರ ಮನೇಗೂ ಬತ್ತದೆ."

ಅವನು ಗೋಡೆಯ ಆಚೆ ಬದಿಗೆ ಕೇಳುವ ಹಾಗೆ, ಅಲ್ಲಿ ಯಾರೂ ಇಲ್ಲದಿದ್ದರೂ, ಗಟ್ಟಿಯಾಗಿ ಅಂದ: "ಒಂದು ಮಾತು ಕೇಳ್ಬೇಕೋ ಬೇಡ್ವೋ ಬುಕ್ಕಿನಕ್ಕ? ಯಾವ ತೋಳು ಅಂತ? ಊರಲ್ಲಿ ಕೂಸುಕುನ್ನಿ ಕೇಳ್ತವೆ. ಬೇಕು ಅಂತ್ಲೇ ಬಲಗೈ ಕೊಡೋದಾ? ನಾನು ದುಡಿಯೋದು ಯಾವ ಕೈಯಲ್ಲಿ ಅಂತ ಗೊತ್ತಿಲ್ವಾ?"

"ನೀನು ಯಾವ ಕೈ ಕೊಟ್ಟೆ?" ಎಂದು ನಾನು ಕೇಳಿದೆ. ಅದು ಬುಕ್ಕಿನಲ್ಲಿರುವ ಸಂಗತಿ, ಪರದೆಯದಲ್ಲ.

ಅವನು ಬಿಚ್ಚಿಕೊಂಡ ಎಳೆಯನ್ನು ಮತ್ತೆ ಕೈಗೆತ್ತಿಕೊಂಡ. ಕೆಂಚಮ್ಮ ನಾನು ಬೆರಳಿಗೆ ಹಚ್ಚಿದ್ದ ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಬುಕ್ಕಿನ ಮೇಲೆ ಒತ್ತದೆ ನಿಂತಳು. ಬೀದಿಯ ಎರಡೂ ಕಡೆ ನೋಡಿ ನನ್ನ ಕಿವಿಯ ಹತ್ತಿರ ಬಂದಳು. "ಮೂರು ವರ್ಷದಿಂದ ನಂಗೆ ಒಂದು ಸೊಳ್ಳೆ ಕಚ್ಚಿದಷ್ಟೂ ನೋವು ಬಿದ್ದಿಲ್ಲ ಕಣಕ್ಕ. ಕಾಲಂ ಖಾಲಿ ಬಿಟ್ರೆ ಗಂಡನ ನೋವು ಬೀಳದ ಹೆಂಡ್ತಿ ಅಂತಾರೆ. ಅದ್ಕೇ ಒತ್ತಿದೆ. ಎಡವೋ ಬಲವೋ ಅದೂ ಕೇಳ್ಲಿಲ್ಲ."

"ನಿನ್ನ ಸೂಜಿ ನೋವು ಯಾರಿಗೆ ಬೀಳ್ತದೆ?"

"ಬುಕ್ಕಲ್ಲಿ ನೀನೇ ಬರ್ದಿದೀಯಲ್ಲ, ನಲವತ್ತಾರು. ನನ್ನ ಎಮ್ಮೆಗೆ. ಅವತ್ತು ಒದ್ದು ಬಿಂದಿಗೆ ಉರುಳಿಸ್ತು. ಈ ಮನೇಲಿ ನನ್ನ ಮೇಲೆ ಪ್ರಾಣ ಇಟ್ಟಿರೋದು ಅದೊಂದೇ." ಹೀಗೆ ಅಂದು ಗಂಡನ ಕಡೆ ನೋಡಿದಳು. ಅವನು ಮೋಟಿನ ಕಡೆ ನೋಡುತ್ತಿದ್ದ.

ನಾನು ಬುಕ್ಕು ಮುಚ್ಚಿಕೊಂಡು ಬಂದೆ. ಜಗಲಿಯ ಬೆಂಚಿನ ಮೇಲೆ ಮೂಡ್ಲಗಿರಿಯಪ್ಪ ಇನ್ನೂ ಕೂತಿದ್ದ. ಅವನ ಅರ್ಧ ಗಂಟೆ ಎಂದೋ ಮುಗಿದಿತ್ತು. ಬಿಲ್ಲಿನ ಗಾಡಿ ನಾಲ್ಕೂ ಮುಕ್ಕಾಲಿಗೇ ಬಂತು. ಡ್ರೈವರ್ ಇಳಿದು, "ಬುಕ್ಕು ಕೊಡಿ ಮೇಡಂ, ಇನ್ನೂ ಮೂರು ಊರಿದಾವೆ" ಅಂದ. ಮಹಬೂಬಿ ಅವನಿಗೆ ಬಿಸಿ ಟೀ ಕೊಟ್ಟಳು, ಅದನ್ನು ಆರಿಸಿಕೊಂಡು ಕುಡಿಯಿರಿ ಎಂದು ಬೀಸಣಿಗೆಯನ್ನು ಅಡಗಿಸಿಟ್ಟಳು.

ಐದಕ್ಕೆ ಐದು ನಿಮಿಷ ಇದ್ದಾಗ ಪರದೆ ಅಲುಗಿತು. ಒಂದು ಬಲತೋಳು ಒಳಗೆ ಬಂತು. ಅಂಗೈಗೆ ಅಡ್ಡಲಾಗಿ ಹಗ್ಗ ಉಜ್ಜಿದ ಹಳೆಯ ಬರೆ, ಉಗುರಿನ ಸಂದಿಯಲ್ಲಿ ಕತ್ತಾಳೆಯ ನಾರು. ಸೂಜಿ ಚುಚ್ಚುವ ಜಾಗದಲ್ಲಿ ಕಡುಬಿನಷ್ಟು ಊದಿಕೊಂಡಿತ್ತು.

"ಯಾರ ನೋವು?" ಎಂದು ಕೇಳಿದೆ.

"ಆ ಎಡಚಂದು."

"ಹೆಸರು ಹೇಳ್ಬೇಕು."

ಪರದೆಯಾಚೆ ಉಸಿರು ಬಿಟ್ಟ ಸದ್ದು. "ಮೂಡ್ಲಗಿರಿಯಪ್ಪ. ಹಗ್ಗದ ಕದುರಪ್ಪನ ಮಗ."

"ಏನು ಸಂಬಂಧ?"

ತೋಳು ಒಂದಿಷ್ಟು ಹಿಂದಕ್ಕೆ ಸರಿದು ಮತ್ತೆ ಒಳಗೆ ಬಂತು. ಆಚೆ ಕಡೆ ಡ್ರೈವರ್ ಟೀ ಊದುವುದು ಕೇಳುತ್ತಿತ್ತು. "ಪಕ್ಕದ ಮನೆ," ಅಂತ ಪರದೆ ಹೇಳಿತು.

ನಾನು ನಲವತ್ತೈದು ಎಂದು ಬರೆದೆ. ಅವನ ಹೆಬ್ಬೆಟ್ಟು ಹಿಡಿದು ಒತ್ತಿಸಿ, ಅಚ್ಚು ಬೆಲ್ಲ ಅಂಗೈಯಲ್ಲಿಟ್ಟೆ. ತೋಳು ಹಿಂದಕ್ಕೆ ಹೋಯಿತು. ಮಸಿ ಆರುವ ಮುಂಚೆ ಪರದೆ ಮತ್ತೆ ಅಲುಗಿತು. ಈಗ ಬಂದದ್ದು ನರ ಎದ್ದ, ಮುದಿಯಾದ ಎಡತೋಳು. ಬೆಂಚು ಖಾಲಿಯಾಗಿದೆ ಎಂದು ಮಹಬೂಬಿ ಬಾಗಿಲಿನಿಂದ ಸನ್ನೆ ಮಾಡಿದಳು.

"ಸೋಮವಾರದ್ದು," ಅಂತು ಪರದೆ. "ತಿಮ್ಮರಾಯಂದು. ನಂದೂ ಪಕ್ಕದ ಮನೆ ಅಂತ್ಲೇ ಹಾಕು. ಅವ್ನು ಏನು ಹಾಕ್ಸಿದಾನೋ ಅದೇ."

"ಅಲ್ಲಿ ಆಗ್ಲೇ ಬೇರೆಯೋರ ಹೆಬ್ಬೆಟ್ಟು ಐತೆ," ಎನ್ನುವಷ್ಟರಲ್ಲಿ ಎಡತೋಳಿನ ಪಕ್ಕದಿಂದ ಹಸಿರು ಬಳೆಯ ತೋಳೊಂದು ನುಗ್ಗಿ ಬಂತು.

"ಅದನ್ನ ಹೊಡೆದಾಕು ಬುಕ್ಕಿನಕ್ಕ," ಅಂದಿತು ಬಳೆಯ ತೋಳು. "ತಪ್ಪಾಗಿ ಬಿದ್ದಿತ್ತು ಅಂತ ಬರ್ಕೋ. ಹೆಂಗೂ ನೀನೇ ನೀರಾಕಿ ಅಳಿಸಿದೀಯ, ನಾನು ನೋಡ್ಲಿಲ್ವಾ? ಸರ್ರನೆ ಬರಿ. ಎಮ್ಮೆ ಕರಿಯೋ ಹೊತ್ತಾಯ್ತು."

ಡ್ರೈವರ್ ಬಂದು ಬಾಗಿಲಲ್ಲಿ ನಿಂತಾಗ ನಾನು ಎರಡನೇ ನಲವತ್ತೈದರ ಮೇಲೆ ಒತ್ತುಕಾಗದ ಇಡುತ್ತಿದ್ದೆ.

ಹದಿನೈದು ದಿನಕ್ಕೆ ಮೇಲಿನ ಕಚೇರಿಯಿಂದ ಪ್ರಶ್ನೆ ಬಂತು. ಇಬ್ಬರ ತಂದೆಯ ಹೆಸರೂ ಕದುರಪ್ಪ ಎಂದಿದೆ, ಊರೂ ಬೀದಿಯೂ ಒಂದೇ, ಹಾಗಿರುವಾಗ ಇವರು ಪಕ್ಕದ ಮನೆಯವರು ಹೇಗೆ, ವಿವರಣೆ ನೀಡುವುದು. ನಾನು ಒಂದು ಸಾಲು ಬರೆದು ಕಳಿಸಿದೆ: 'ನಡುವೆ ಗೋಡೆ ಇದೆ.' ಕಚೇರಿಯವರು ಒಪ್ಪಿದರು. ಗೋಡೆ ಇಲ್ಲದ ಊರು ಅವರು ಎಲ್ಲಿ ನೋಡಿರಬೇಕು.

ಆ ವರ್ಷದ ಗಾಳಿ ಬಂದು ಹೋಯಿತು. ಮೂಡ್ಲಗಿರಿಯಪ್ಪ ಕೆಮ್ಮಿದ, ಆದರೆ ಹಾಸಿಗೆ ಹಿಡಿಯಲಿಲ್ಲ. ಅಣ್ಣತಮ್ಮ ಮಾತಾಡಿದರು ಎಂದು ಯಾರೂ ಹೇಳಲಿಲ್ಲ. ಗಾಲಿ ಆ ಗೋಡೆಗೇ ಇತ್ತು, ಹಿಡಿ ಈ ಸೂರಿನಲ್ಲೇ ಇತ್ತು.

ಮತ್ತೆ ಹುಚ್ಚೆಳ್ಳು ಮೊಗ್ಗು ಕಟ್ಟಿತು. ಹೊಸ ಮದ್ದು ಬಂತು, ಹೊಸ ನಂಬರು ಬಂತು. ಬಂದ ಪೆಟ್ಟಿಗೆಯಲ್ಲಿ ಮೂಡ್ಲಗಿರಿಯಪ್ಪನ ಹೆಸರಿನ ದೊಡ್ಡ ಮದ್ದು ಇದೆಯೋ ಇಲ್ಲವೋ ಎಂದು ಮೊದಲು ಅದನ್ನೇ ಹುಡುಕಿದೆ. ಇತ್ತು. ಅವನು ಈ ಸಲ ಮೊದಲ ದಿನವೇ ಬಂದು ಸ್ಟೂಲಿನ ಮೇಲೆ ಕೂತ. ಮಹಬೂಬಿ ಅಭ್ಯಾಸದಂತೆ ಬಲಗಡೆಗೆ ಹೋದಳು. ಅವನು ಸ್ಟೂಲು ಸಮೇತ ತಿರುಗಿ ಎಡತೋಳಿನ ಅಂಗಿ ಎತ್ತಿದ.

"ಇದು ನಿನ್ನ ದುಡಿಯೋ ಕೈ ಅಲ್ವೇನಜ್ಜ?"

"ನನ್ನ ಕೈ ಯಾವ್ದಾದ್ರೇನವ್ವ. ನೋವು ಇಲ್ಲಿ ನಿಲ್ಲಲ್ವಲ್ಲ."

"ಮನೇಲಿ ಕೇಳ್ಕೊಂಡು ಬಂದ್ಯಾ?" ಎಂದು ನಾನು ಬುಕ್ಕಿನಿಂದ ತಲೆ ಎತ್ತದೆ ಕೇಳಿದೆ.

"ಕೇಳೋದೇನೈತೆ," ಅಂದ ಅವನು. "ಹುಟ್ಟಿದಾಗಿಂದ ನೋಡಿಲ್ವಾ, ಅದು ಬಲಗೈ ಮುಂಡೇದು."

ಸೂಜಿ ಇಳಿಯಿತು. ಅವನು ನೊಣ ಕೂತಷ್ಟೂ ಅಲುಗದೆ ಮಾಡಿನ ಹಲ್ಲಿ ನೋಡುತ್ತಿದ್ದ. ಆಸ್ಪತ್ರೆಯ ಹಿಂದೆ, ಹೊಂಗೆ ಮರದ ಕಡೆಯಿಂದ, ಯಾರೋ ಹಲ್ಲಿನ ಸಂದಿಯಿಂದ "ಸ್ಸ್" ಎಂದರು. ಇಷ್ಟು ಹತ್ತಿರದಲ್ಲಿ ಯಾರು ಕಾದು ಕೂತಿದ್ದಾರೆ ಎಂದು ನೋಡಲು ನಾನು ಎದ್ದು ಹೋಗಲಿಲ್ಲ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡೆ. ಪರದೆಯಡಿಯಿಂದ ಎಡತೋಳು ಒಳಗೆ ಬಂತು. ಅಂಗೈಯಲ್ಲಿ ಹಗ್ಗದ ಬರೆ.

"ಯಾರ ನೋವು ಅಂತ ಕೇಳ್ಬೇಕಾ?"

"ಕೇಳ್ಬೇಡ."

"ನಂಬರು ಹೋದ ವರ್ಷದ್ದೇನಾ?"

"ಹೂಂ. ಗೋಡೆ ಇನ್ನೂ ಐತಲ್ಲ."

ನಾನು ನಲವತ್ತೈದು ಎಂದು ಬರೆದು, ಹೆಬ್ಬೆಟ್ಟು ಒತ್ತಿಸಿ, ಅಂಗೈಯಲ್ಲಿ ಒಂದು ಅಚ್ಚು ಬೆಲ್ಲ ಇಟ್ಟೆ. ತೋಳು ಹಿಂದಕ್ಕೆ ಹೋಗಲಿಲ್ಲ. ಬೆರಳುಗಳನ್ನು ಸ್ವಲ್ಪ ಅಗಲಿಸಿಕೊಂಡು ಅಲ್ಲೇ ಇತ್ತು.

"ಇನ್ನೊಂದು ಕೊಡು," ಅಂತು ಪರದೆ. "ಪಕ್ಕದ ಮನೇಗೆ."